ದೀಪ ಹಚ್ಚಿದ ಮೇಲೆ ಕೊಟ್ಟ ಬೆಂಕಿ

ಅಪಘಾತಕ್ಕೂ ಘಾತಕ್ಕೂ ನಡುವೆ ಇರುವುದು ಎರಡೇ ಅಕ್ಷರ. ಆ ಎರಡು ಅಕ್ಷರ ಬರೆದುಕೊಳ್ಳುವ ಕೆಲಸ ಪೊಲೀಸರದು, ಮಿಕ್ಕಿದ್ದು ದುರುಗೇಶನದು.

ಚಳ್ಳಕೆರೆಯಲ್ಲಿ ಅವನನ್ನು ಎಲ್ಲರೂ ಬಲ್ಲದ್ದು ಲಾರಿ ಡ್ರೈವರ್ ಎಂದೇ. ಮಾರ್ಕೆಟ್ಟಿನಿಂದ ಮಿಲ್ಲಿಗೆ ಶೇಂಗಾ, ಮಿಲ್ಲಿನಿಂದ ಬಳ್ಳಾರಿ ಕಡೆಗೆ ಹಿಂಡಿ. ಆ ಊರಿನಲ್ಲಿ ಎಣ್ಣೆ ಎರಡು ಬಗೆ: ಗಾಣದಿಂದ ಡಬ್ಬಕ್ಕೆ ಇಳಿಯುವುದೊಂದು, ಬಾಟಲಿಯಿಂದ ಗಂಟಲಿಗೆ ಇಳಿಯುವುದೊಂದು. ಹಗಲು ಮೊದಲನೆಯದರ ಚಾಕರಿ ಮಾಡಿ ಸಂಜೆ ಎರಡನೆಯದಕ್ಕೆ ಶರಣಾಗುವ ನೂರಾರು ಜನರಲ್ಲಿ ದುರುಗೇಶನೂ ಒಬ್ಬ. ಹೆಂಡತಿ ತವರಿಗೆ ಹೋದವಳು ತವರಿನವಳೇ ಆಗಿಬಿಟ್ಟಿದ್ದಳು. ಅವನಿಗೆ ಮನೆ ಎಂದರೆ ಲಾರಿ, ಹಾಸಿಗೆ ಎಂದರೆ ಸೀಟು, ದೇವರ ಕೋಣೆ ಎಂದರೆ ಸ್ಟೇರಿಂಗಿನ ಮುಂದೆ ಅಂಟಿಸಿದ ಒಂದು ಪಟ.

ವರ್ಷಕ್ಕೆ ಒಂದೋ ಎರಡೋ ಸಲ ದಲ್ಲಾಳಿ ಮುರುಗೇಂದ್ರಪ್ಪ ಲಾರಿ ಸ್ಟ್ಯಾಂಡಿಗೆ ಬಂದು, ಬಾಗಿಲಿಗೆ ಒರಗಿ, "ಲೇ ದುರುಗೇಶ, ಒಂದು ಲೋಡ್ ಐತೆ ಕಣ್ಲೇ" ಎನ್ನುತ್ತಿದ್ದ. ಬೇರೆ ಕಡೆ ಇಂಥ ಕೆಲಸಕ್ಕೆ ಸುಪಾರಿ ಎನ್ನುತ್ತಾರೆ. ಈ ಒಣ ಸೀಮೆಯಲ್ಲಿ ಅಡಿಕೆ ಎಲ್ಲಿಂದ ಬರಬೇಕು? ಶೇಂಗಾ ಬೆಳೆಯುವ ನೆಲದಲ್ಲಿ ಸಾವೂ ಲೋಡಿನ ಲೆಕ್ಕದಲ್ಲೇ ಸಾಗುತ್ತಿತ್ತು.

ದುರುಗೇಶನದು ಒಂದು ನಿಯಮ. ಸಾಯುವವನ ಹೆಸರು ಬೇಡ, ಊರು ಬೇಡ. ಹೆಸರು ಗೊತ್ತಾದರೆ ಮುಖ ನೆನಪಿರುತ್ತದೆ, ಮುಖ ನೆನಪಿದ್ದರೆ ಮುದ್ದೆ ಗಂಟಲಲ್ಲಿ ಇಳಿಯುವುದಿಲ್ಲ. ಅದಕ್ಕೇ ಗುರುತು ತೋರಿಸುವುದಕ್ಕೆ ಮುರುಗೇಂದ್ರಪ್ಪ ಒಂದು ದಾರಿ ಮಾಡಿಕೊಂಡಿದ್ದ. ಮುಸ್ಸಂಜೆಯಲ್ಲಿ ಆ ಮನುಷ್ಯನ ಹತ್ತಿರ ಹೋಗಿ, ಬಾಯಿಗೆ ಬೀಡಿ ಇಟ್ಟುಕೊಂಡು, "ಸ್ವಲ್ಪ ಬೆಂಕಿ ಕೊಡ್ರಿ" ಎನ್ನುವುದು. ಅವನು ಕಡ್ಡಿ ಗೀರುತ್ತಾನೆ. ದೂರದಲ್ಲಿ ಲೈಟು ಆರಿಸಿ ನಿಂತ ಲಾರಿಯಿಂದ ದುರುಗೇಶ ನೋಡುತ್ತಾನೆ. ಕಡ್ಡಿಯ ಬೆಳಕಿನಲ್ಲಿ ಎರಡು ಮುಖ. ಒಂದು ಮುರುಗೇಂದ್ರಪ್ಪನದು. ಇನ್ನೊಂದು ಲೋಡು. ಆಮೇಲೆ ಆ ಮನುಷ್ಯ ರಸ್ತೆಗೆ ಇಳಿದು ಊರ ಕಡೆ ಹೆಜ್ಜೆ ಹಾಕಿದರೆ, ಲಾರಿ ಹಿಂದಿನಿಂದ ಬರುತ್ತದೆ.

"ನಾನು ಬೆಂಕಿ ಕೇಳೋನಪ್ಪ, ಬೆಂಕಿ ಹಚ್ಚೋನಲ್ಲ" ಎಂದು ಮುರುಗೇಂದ್ರಪ್ಪ ಹಲ್ಲು ಕಿರಿಯುತ್ತಿದ್ದ. ಅವನ ಅಂಗಿ ಯಾವಾಗಲೂ ಬೆಳ್ಳಗೆ ಇರುತ್ತಿತ್ತು. ಕಲೆ ಬೀಳುವ ಕೆಲಸವನ್ನು ಅವನು ಯಾವತ್ತೂ ಮಾಡಿದವನಲ್ಲ.

ತೊಂಬತ್ತೆಂಟರ ಚಳಿಗಾಲದಲ್ಲಿ ಬಿ.ಜಿ. ಕೆರೆಯ ಲೋಡು ಬಂತು. ಹೊಲದ ಬದುವಿನ ಜಗಳ, ಅಣ್ಣನ ಮಗನೇ ಗಿರಾಕಿ, ಲೋಡು ಚಿಕ್ಕಪ್ಪ. ಊರಾಚೆಯ ಏರಿನ ಬುಡದಲ್ಲಿ ಪಾತಮ್ಮನ ಟೀ ಅಂಗಡಿ. ಮುದುಕ ದಿನಾ ಸಂಜೆ ಅಲ್ಲಿ ಟೀ ಕುಡಿದು, ಏರು ಹತ್ತಿ ತೋಟದ ಮನೆಗೆ ಹೋಗುತ್ತಿದ್ದ. ಕರೆಂಟು ಹೋಗಿತ್ತು. ದುರುಗೇಶ ದೂರದಲ್ಲಿ ಲಾರಿ ನಿಲ್ಲಿಸಿ ಕಾದ. ಬೆಂಚಿನ ಹತ್ತಿರ ಕಡ್ಡಿ ಹೊತ್ತಿಕೊಂಡಿತು. ಎರಡು ಮುಖ. ಕಂಬಳಿ ಹೊದ್ದ ಆಸಾಮಿ. ಸ್ವಲ್ಪ ಹೊತ್ತಿಗೆ ಅವನು ಒಂದು ಗಂಟು ಹೆಗಲಿಗೇರಿಸಿ, ಬೀಡಿ ಸೇದುತ್ತಾ ಏರು ಹತ್ತಿದ.

ಲಾರಿಯೂ ಹತ್ತಿತು.

ಬಡಿದ ಸದ್ದು ಮೆತ್ತಗಿತ್ತು, ಹತ್ತಿಯ ಅಂಡಿಗೆಗೆ ಬಡಿದ ಹಾಗೆ. ದುರುಗೇಶ ನಿಲ್ಲಿಸಲಿಲ್ಲ, ಅವನು ಯಾವತ್ತೂ ನಿಲ್ಲಿಸುವವನಲ್ಲ. ಕನ್ನಡಿಯಲ್ಲಿ ಮಾತ್ರ ನೋಡಿದ. ಕತ್ತಲಲ್ಲಿ ಒಂದು ಕೆಂಪು ಚುಕ್ಕಿ, ಆಮೇಲೆ ಹತ್ತು ಚುಕ್ಕಿ. ಬೀಡಿಯ ಕಿಡಿ ಕಂಬಳಿ ಗಂಟಿನ ಮೇಲೆ ಬಿದ್ದು ಉಣ್ಣೆ ಸುಡುತ್ತಿತ್ತು.

ಮರುದಿನ ಮುರುಗೇಂದ್ರಪ್ಪ ಓಡಿಬಂದ. ಅಂಗಿಯ ಗುಂಡಿ ಮೇಲೆ ಕೆಳಗೆ ಆಗಿತ್ತು.

"ಲೇ, ಯಾರನ್ನ ತಗದ್ಯಲೇ ನೀನು?"

"ನೀನು ತೋರಿಸಿದೋನ್ನೇ ಕಣಣ್ಣ."

"ನಾನೆಲ್ಲಿ ತೋರಿಸಿದ್ನಲೇ! ಆ ಮುದುಕ ಚಿಕ್ಕಬಸಪ್ಪ ಬೆಂಕಿ ಕೊಡ್ಲೇ ಇಲ್ಲ. 'ಪಾತಮ್ಮ ಲಾಟೀನು ಹಚ್ಚಿ ಆತು, ದೀಪ ಹಚ್ಚಿದ ಮ್ಯಾಲೆ ಬೆಂಕಿ ಕೊಟ್ರೆ ಮನೆ ಲಕ್ಷ್ಮಿ ಹಿಂದೇನೇ ಹೊಂಟೋಗ್ತಾಳೆ' ಅಂದ. ಪಕ್ಕದಾಗೆ ಯಾವನೋ ಕಂಬಳಿ ಮಾರೋನು ಕುಂತಿದ್ದ. 'ತಗಳ್ರಿ ಸಾವ್ಕಾರ್ರೆ, ಬೆಂಕಿಗೆಲ್ಲಾ ಏನು ಬಡತನ' ಅಂತ ಕಡ್ಡಿ ಗೀರ್ದ."

"ನೀನು ಹಚ್ಕಂಡೆ."

"ಬೀಡಿ ಬಾಯಾಗಿತ್ತಲ್ಲಲೇ! ಕೊಡೋ ಬೆಂಕಿ ಬ್ಯಾಡ ಅಂತಾರೇನ್ಲೇ ಯಾರಾದ್ರೂ?"

ಉಪ್ಪು, ಸೂಜಿ, ಬೆಂಕಿ, ಇವನ್ನು ದೀಪ ಹಚ್ಚಿದ ಮೇಲೆ ಹೊರಗೆ ಕೊಡಬಾರದೆಂದು ಆ ಸೀಮೆಯಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು. ಮುರುಗೇಂದ್ರಪ್ಪನಿಗೂ ಗೊತ್ತಿತ್ತು. ಆದರೆ ಪೇಟೆಯಲ್ಲಿ ದೀಪವನ್ನು ಯಾರು ಹಚ್ಚುತ್ತಾರೆ, ಸ್ವಿಚ್ಚು ಒತ್ತುತ್ತಾರೆ. ಶಾಸ್ತ್ರ ಪಾಲಿಸಿದವನು ಬದುಕಿದ್ದ, ಉಪಕಾರ ಮಾಡಿದವನು ಹೋಗಿದ್ದ.

"ಹೋಗ್ಲಿ ಬಿಡು," ಎಂದ ಮುರುಗೇಂದ್ರಪ್ಪ ಗುಂಡಿ ಸರಿಮಾಡಿಕೊಳ್ಳುತ್ತಾ. "ಸತ್ತೋನು ದೊಡ್ಡಉಳ್ಳಾರ್ತಿ ಬೊಮ್ಮಣ್ಣ ಅಂತೆ. ಕಂಬಳಿ ಮಾರಾಕೆ ಮೊಳಕಾಲ್ಮೂರಿಗೆ ಹೊಂಟಿದ್ನಂತೆ. ಅಪಘಾತ ಅಂತ ಬರ್ದಾಗೈತೆ."

"ಹೆಸರು ಯಾಕೆ ಹೇಳ್ದೆ ನಂಗೆ?"

"ಏನ್ಲೇ?"

"ನಂಗೆ ಹೆಸರು ಬ್ಯಾಡ ಅಂದಿದ್ನಲ್ಲಣ್ಣ."

ಆದರೆ ಬಾಯಿಂದ ಹೊರಬಿದ್ದ ಹೆಸರು ವಾಪಸ್ ಹೋಗುವುದಿಲ್ಲ. ಅವತ್ತಿನಿಂದ ಲಾರಿಯ ಕ್ಯಾಬಿನ್ನಿನಲ್ಲಿ ಸುಟ್ಟ ಉಣ್ಣೆಯ ವಾಸನೆ ಬಂದು ಕೂತಿತು. ಹಗಲು ಸುಮ್ಮನಿರುತ್ತಿತ್ತು. ಊರೂರಲ್ಲಿ ದೀಪ ಹಚ್ಚುವ ಹೊತ್ತಾದ ಕೂಡಲೇ ಸೀಟಿನ ಕೆಳಗಿನಿಂದ ಏಳುತ್ತಿತ್ತು. ದುರುಗೇಶ ಸೀಟಿನ ಬಟ್ಟೆ ಬದಲಾಯಿಸಿದ, ಫಿನಾಯಿಲ್ ಹಾಕಿ ತೊಳೆದ, ನಿಂಬೆಹಣ್ಣು ಕಟ್ಟಿದ. ವಾಸನೆ ನಿಂಬೆಹಣ್ಣಿನೊಳಕ್ಕೂ ಇಳಿಯಿತು. ಬೀಡಿ ಹಚ್ಚಿದರೆ ಹೊಗೆಯೂ ಅದೇ ವಾಸನೆ. ಬೀಡಿ ಬಿಟ್ಟ. ಪಟದ ಮುಂದೆ ಊದಿನಕಡ್ಡಿ ಹಚ್ಚಲು ಬೆಂಕಿಪೊಟ್ಟಣ ಮಾತ್ರ ಜೇಬಿನಲ್ಲಿ ಉಳಿಯಿತು. ನಿದ್ದೆ ಅವನನ್ನು ಬಿಟ್ಟಿತು. ಬಿಡದಿದ್ದವನು ಮುರುಗೇಂದ್ರಪ್ಪ ಒಬ್ಬನೇ.

"ಗಿರಾಕಿ ಬೊಬ್ಬೆ ಹೊಡೀತಾವ್ನೆ. ಮುದುಕನ ಲೋಡು ಹಂಗೇ ಐತಲ್ಲ. ಹೋಗಿ ಮುಗಿಸು."

"ಆಗಲ್ಲ ಕಣಣ್ಣ. ಸಾಕು ನಂಗೆ. ಇನ್ಮ್ಯಾಕೆ ಶೇಂಗಾ ಅಷ್ಟೇ ಹೊಡೀತೀನಿ."

ಮುರುಗೇಂದ್ರಪ್ಪ ಟೀ ಲೋಟವನ್ನು ಮೆಲ್ಲಗೆ ಕೆಳಗಿಟ್ಟ. "ನಿನ್ನ ಲೋಡುಗಳೆಲ್ಲ ನನ್ನ ತಲೆಯಾಗವೆ. ತಲೆ ನೋವು ಬಂದ್ರೆ ಬಾಯಿಗೆ ಬರ್ತಾವೆ. ನಾನು ಬರೀ ಬೆಂಕಿ ಕೇಳಿದೋನು, ನಂಗೇನಾಗ್ತೈತೆ? ಲಾರಿ ಯಾರದ್ಲೇ?"

ಅಂದರೆ ದುರುಗೇಶನ ಕುತ್ತಿಗೆ ಮುರುಗೇಂದ್ರಪ್ಪನ ನಾಲಿಗೆಗೆ ಕಟ್ಟಿತ್ತು. ನಾಲಿಗೆ ಇರುವ ತನಕ ಬಿಡುಗಡೆಯಿಲ್ಲ. ಇದನ್ನು ಯೋಚಿಸುತ್ತಾ ಅವನು ಮಾರ್ಕೆಟ್ಟಿನಲ್ಲಿ ಲಾರಿಯ ನೆರಳಿಗೆ ಕೂತಿದ್ದ ಒಂದು ಮಧ್ಯಾಹ್ನ, ಹೆಂಗಸೊಬ್ಬಳು ಬಂದು ಎದುರಿಗೆ ನಿಂತಳು. ಐವತ್ತು ದಾಟಿದವಳು. ಹಣೆ ಬರಿದು, ಕಂಕುಳಲ್ಲಿ ಹೊಸ ಕರಿ ಕಂಬಳಿ.

"ದುರುಗೇಶ ಅಂದ್ರೆ ನೀನೇನಪ್ಪ?"

"ಹೌದಮ್ಮ. ಬಾಡಿಗೆ ಐತಾ?"

"ಐತೆ. ನನ್ನ ಗಂಡನ್ನ ಕೊಂದೋನನ್ನ ಕೊಲ್ಬೇಕು."

ಪಕ್ಕದಲ್ಲಿ ಹಮಾಲರು ಚೀಲ ಎಸೆಯುತ್ತಿದ್ದರು. ದುರುಗೇಶ ಸುತ್ತ ನೋಡಿದ. "ಏನಂತ ಮಾತಾಡ್ತೀಯಮ್ಮ! ನಾನು ಡ್ರೈವರ್ರು."

"ಗೊತ್ತು. ಅದಕ್ಕೇ ಬಂದಿದ್ದು. ನಾನು ಸೂರಮ್ಮ. ದೊಡ್ಡಉಳ್ಳಾರ್ತಿ ಬೊಮ್ಮಣ್ಣನ ಹೆಂಡ್ತಿ."

ಕೊಂದವನನ್ನೇ ಕರೆದು ಕೊಂದವನನ್ನು ಕೊಲ್ಲು ಎನ್ನುವ ಗಿರಾಕಿ! ಇಷ್ಟು ಹತ್ತಿರದ ಬಾಡಿಗೆ ಅವನಿಗೆ ಯಾವತ್ತೂ ಸಿಕ್ಕಿರಲಿಲ್ಲ.

"ಅದು ಆಕ್ಸಿಡೆಂಟ್ ಅಂತ ಕೇಳಿದ್ನಲ್ಲಮ್ಮ."

"ಅವನು ಹಂಗನ್ನಲ್ಲ."

"ಯಾರು?"

"ನನ್ನ ಗಂಡ. ದಿನಾ ದೀಪ ಹಚ್ಚೋ ಹೊತ್ತಿಗೆ ಬಂದು ಜಗಲಿ ಮ್ಯಾಲೆ ಕುಂತ್ಕಂತಾನೆ. ಬೀಡಿ ಬಾಯಾಗಿರ್ತೈತೆ. 'ಸೂರಿ, ಬೆಂಕಿ ಕೊಡೆ' ಅಂತಾನೆ." ಅವಳ ದನಿಯಲ್ಲಿ ಅಳು ಇರಲಿಲ್ಲ. ಹಳೆಯ ಜಗಳವೊಂದನ್ನು ಮುಂದುವರಿಸುವ ಸಿಟ್ಟು ಇತ್ತು. "ನಾನು ಕೊಡಲ್ಲ. ಬದುಕಿದ್ದಾಗ ಬಡ್ಕಂಡೆ, ದೀಪ ಹಚ್ಚಿದ ಮ್ಯಾಲೆ ಯಾವೋನಿಗೂ ಬೆಂಕಿ ಕೊಡಬ್ಯಾಡ ಅಂತ. 'ಆ ಶಾಸ್ತ್ರ ಮನೆಗೆ ಕಣೆ, ರಸ್ತೆಗಲ್ಲ' ಅಂತಿದ್ದ. ಈಗ ಬಂದು ಹೆಂಡ್ತಿ ಹತ್ರ ಕೇಳ್ತೀಯೇನೋ ಮೂದೇವಿ, ಇಸ್ಕಂಡೋರು ಯಾರೋ ಅವ್ರ ಹತ್ರನೇ ಹೋಗಿ ಇಸ್ಕಾ ಅಂದೆ. ಒಬ್ಬನಿಗೆ ಆಗಾಕಿಲ್ಲ, ಜತೆಗೊಂದು ಲಾರಿ ಬೇಕು ಅಂದ. ನಿನ್ನ ಹೆಸರು ಹೇಳ್ದ."

ದುರುಗೇಶ ನಗಲು ನೋಡಿದ. ನಗು ಬರಲಿಲ್ಲ. ಮುದುಕಿಗೆ ತಲೆ ಕೆಟ್ಟಿದೆ ಎಂದುಕೊಂಡ, ಆದರೆ ಆ ಉಣ್ಣೆಯ ವಾಸನೆ ಯಾರ ತಲೆಯದು? ಅಷ್ಟರಲ್ಲಿ ಅವನ ಬುದ್ಧಿ ಲಾರಿಯ ಹಾಗೆ ಗೇರು ಬದಲಾಯಿಸಿತು. ಬೆಂಕಿ ಇಸಕೊಂಡವನು ಮುರುಗೇಂದ್ರಪ್ಪ ತಾನೇ? ಅವನು ಹೋದರೆ ಇವಳ ಸೇಡು ತೀರುತ್ತದೆ, ಸತ್ತವನ ಸಿಟ್ಟು ಇಳಿಯುತ್ತದೆ, ತನ್ನ ಕುತ್ತಿಗೆಯೂ ಬಿಡಿಸಿಕೊಳ್ಳುತ್ತದೆ. ಒಂದೇ ಟ್ರಿಪ್ಪಿನಲ್ಲಿ ಮೂರು ಲೋಡು.

"ಆತು ಕಣಮ್ಮ. ಆದ್ರೆ ಗುರುತು ತೋರಿಸ್ಬೇಕು. ಗುರುತಿಲ್ದೆ ನನ್ನ ಕಾಲು ಒತ್ತಲ್ಲ."

"ಗುರುತು ಅವನೇ ತೋರಿಸ್ತಾನೆ. ನೀನು ಮಾತು ಕೊಡು ಅಷ್ಟೇ."

ಅವಳು ಲಾರಿಯ ನೆರಳಿನಲ್ಲಿ ಕಂಬಳಿ ಹಾಸಿದಳು. ಗಂಡ ಅರ್ಧ ನೇಯ್ದು ಬಿಟ್ಟುಹೋದದ್ದನ್ನು ಅವಳು ಮುಗಿಸಿದ್ದಳು, ಎಲ್ಲಿ ಅವನ ಕೈ ನಿಂತು ಎಲ್ಲಿ ಇವಳ ಕೈ ಶುರುವಾಗಿದೆ ಎಂಬುದು ನೇಯ್ಗೆಯಲ್ಲಿ ಕಾಣುತ್ತಿತ್ತು. ನೂಲಿಗೆ ಹಾಕಿದ ಹುಣಸೆ ಬೀಜದ ಗಂಜಿಯ ವಾಸನೆ ಇನ್ನೂ ಹೋಗಿರಲಿಲ್ಲ. ಕರಿ ಕಂಬಳಿಯ ಮೇಲೆ ಕೂತು ಕೊಟ್ಟ ಮಾತನ್ನು ಆ ಸೀಮೆಯಲ್ಲಿ ಕಳ್ಳನೂ ತಪ್ಪುವುದಿಲ್ಲ. ಕೋರ್ಟಿನಲ್ಲಿ ಸುಳ್ಳು ಹೇಳಿ ಬಂದವನು ಕಂಬಳಿ ಕಂಡರೆ ದೂರ ಸುತ್ತಿ ಹೋಗುತ್ತಾನೆ. ದುರುಗೇಶ ಚಪ್ಪಲಿ ಬಿಟ್ಟು ಕೂತ.

"ನನ್ನ ಗಂಡ ಯಾರ ಹತ್ರ ಬೆಂಕಿ ಇಸ್ಕಂತಾನೋ ಅವನು ಉಳೀಬಾರ್ದು. ಯಾರೇ ಆಗ್ಲಿ. ಹೇಳು."

"ಉಳಿಯಲ್ಲ."

"ಯಾರೇ ಆಗ್ಲಿ ಅನ್ನು."

"ಯಾರೇ ಆಗ್ಲಿ," ಎಂದ ದುರುಗೇಶ.

ಸೂರಮ್ಮ ಕಂಬಳಿ ಕೊಡವಿ ಅವನ ಹೆಗಲಿಗೆ ಹಾಕಿದಳು. "ಇದೇ ನಿನ್ನ ಬಾಡಿಗೆ. ಚಳಿಗಾಗ್ತೈತೆ."

ಆ ವಾರವೇ ದುರುಗೇಶ ಮುರುಗೇಂದ್ರಪ್ಪನ ಹತ್ತಿರ ಹೋಗಿ ತಲೆ ತಗ್ಗಿಸಿ ನಿಂತ. "ಅಣ್ಣ, ಮುದುಕನ ಲೋಡು ಮುಗಿಸ್ತೀನಿ. ಇದೊಂದೇ, ಆಮೇಲೆ ಕೇಳಬ್ಯಾಡ. ಆದ್ರೆ ಈ ಸಲ ಗುರುತು ಸರಿಯಾಗಿ ತೋರಿಸು."

ಮುರುಗೇಂದ್ರಪ್ಪನಿಗೆ ಹಿಗ್ಗು. "ಈ ಸಲ ದೀಪ ಹಚ್ಚೋದ್ರೊಳಗೇ ಕೇಳ್ತೀನಿ ಬಿಡಲೇ. ಶಾಸ್ತ್ರಕ್ಕೆ ಶಾಸ್ತ್ರನೇ ಮದ್ದು."

ಹೇಳಿದ ದಿನ ಬಿ.ಜಿ. ಕೆರೆಯ ಏರಿನ ಕೆಳಗೆ, ಅಂಗಡಿಯಿಂದ ದೂರಕ್ಕೆ, ದುರುಗೇಶ ಲಾರಿ ನಿಲ್ಲಿಸಿದ. ಹೊಲಗಳಲ್ಲಿ ಶೇಂಗಾ ಕಿತ್ತು ಆಗಿತ್ತು, ನೆಲವೆಲ್ಲ ಅಗೆದು ಬಿಟ್ಟ ಗೋರಿಗಳ ಹಾಗೆ ಕಾಣುತ್ತಿತ್ತು. ಕಂಬಳಿ ಪಕ್ಕದ ಸೀಟಿನಲ್ಲಿ ಮಡಚಿಕೊಂಡಿತ್ತು. ಅವನು ಅದರ ಕಡೆ ನೋಡಲಿಲ್ಲ. ಅದರೊಳಗೆ ಯಾರೋ ಮೊಣಕಾಲು ಮಡಚಿ ಕೂತಿದ್ದಾರೆ ಅನ್ನಿಸುತ್ತಿತ್ತು.

ಮುರುಗೇಂದ್ರಪ್ಪನ ಸ್ಕೂಟರ್ ಅಂಗಡಿ ಮುಂದೆ ನಿಂತಿತು. ಸಂಜೆಯ ಬೆಳಕಿನಲ್ಲಿ ಬಿಳಿ ಅಂಗಿ ಚೆನ್ನಾಗಿ ಕಾಣುತ್ತಿತ್ತು. ಪಾತಮ್ಮನ ಗಟ್ಟಿ ಗಂಟಲು ಲಾರಿಯ ತನಕ ಕೇಳಿಸಿತು.

"ಏಮಪ್ಪಾ ಸಾವ್ಕಾರಿ, ಮತ್ತೆ ಬಂದ್ಯಾ? ಹೋದ್ಸಲ ನೀನು ಬಂದು ಹೋದ ಮ್ಯಾಲೆ ನನ್ನ ಯಾಪಾರನೇ ಎದ್ದೋತು!"

"ಟೀ ಹಾಕು ಪಾತಮ್ಮ. ಚಿಕ್ಕಬಸಪ್ಪ ಎಲ್ಲಿ?"

"ಅಯ್ಯೋ, ಆ ಮುದುಕಂಗೆ ಮೂರು ದಿನದಿಂದ ಜ್ವರ. ಇವತ್ತೂ ಬರಾಕಿಲ್ಲ. ನಿಂಗೇನು ಅವನ ಹತ್ರ?"

"ಏನಿಲ್ಲ. ಬೆಂಕಿ ಕೇಳಾನ ಅಂತ."

"ಬೆಂಕಿ ಬೇಕಂದ್ರೆ ನನ್ನ ಒಲೆಯಾಗಿಲ್ವೇನು? ಚಳ್ಳಕೆರೆಯಿಂದ ಬರ್ಬೇಕಾ?"

ಅವಳು ನಗುತ್ತಾ ಲಾಟೀನು ಹಚ್ಚಿದಳು. ಗಾಜಿನೊಳಗೆ ಹಳದಿ ಬೆಳಕು ಎದ್ದು ನಿಂತಿತು. ಅದೇ ಗಳಿಗೆಗೆ ಕ್ಯಾಬಿನ್ನಿನಲ್ಲಿ ಸುಟ್ಟ ಉಣ್ಣೆಯ ವಾಸನೆ ಎದ್ದಿತು. ದುರುಗೇಶ ಕೆಮ್ಮುತ್ತಾ ಪಕ್ಕಕ್ಕೆ ಕೈಯಾಡಿಸಿದ. ಸೀಟು ಖಾಲಿ. ಕಂಬಳಿ ಇರಲಿಲ್ಲ.

ಟೀ ಕುಡಿದ ಮುರುಗೇಂದ್ರಪ್ಪ ತನ್ನದೇ ಪೊಟ್ಟಣದಿಂದ ಬೀಡಿ ಹಚ್ಚಿಕೊಂಡು, ಲೋಡಿಲ್ಲ ಎಂದು ಲಾರಿಯ ಕಡೆಗೆ ಕೈಯಾಡಿಸಿದ. ಆಮೇಲೆ ಉಚ್ಚೆ ಹೊಯ್ಯಲು ಏರಿನ ಕಡೆಗೆ ನಡೆದ. ರಸ್ತೆಯಲ್ಲಿ ಒಬ್ಬನೇ. ದುರುಗೇಶನ ಕೈ ಕೀಲಿಯ ಮೇಲಿತ್ತು. ಇದಕ್ಕಿಂತ ಒಳ್ಳೆಯ ಸಮಯ ಸಿಗುವುದಿಲ್ಲ. ಆದರೆ ಕಾಲು ಒತ್ತಲಿಲ್ಲ. ಗುರುತಾಗಿರಲಿಲ್ಲ.

ಆಗ ಹೊಲದ ಕಡೆಯಿಂದ ಒಬ್ಬ ರಸ್ತೆಗೆ ಹತ್ತಿದ. ಕರಿ ಕಂಬಳಿ ಹೊದ್ದಿದ್ದ. ನಡಿಗೆಯಲ್ಲಿ ಅವಸರವಿಲ್ಲ. ನೇರ ಮುರುಗೇಂದ್ರಪ್ಪನ ಮುಂದೆ ಹೋಗಿ ನಿಂತು ಏನೋ ಕೇಳಿದ. ಜನ್ಮವೆಲ್ಲ ಬೇರೆಯವರ ಹತ್ತಿರ ಬೆಂಕಿ ಕೇಳಿದ ಮುರುಗೇಂದ್ರಪ್ಪನ ಹತ್ತಿರ ಇದುವರೆಗೆ ಯಾರೂ ಬೆಂಕಿ ಕೇಳಿರಲಿಲ್ಲವೇನೋ. ಅವನು ಹುರುಪಿನಿಂದಲೇ ಜೇಬಿಗೆ ಕೈಹಾಕಿ ಕಡ್ಡಿ ಗೀರಿದ.

ಎರಡು ಮುಖ. ಒಂದು ಮುರುಗೇಂದ್ರಪ್ಪನದು. ಅವನ ಬಾಯಿ ಮೆಲ್ಲಗೆ ತೆರೆಯುತ್ತಿತ್ತು, ಎದುರಿನ ಮುಖದ ಗುರುತು ಹತ್ತಿದವನ ಹಾಗೆ.

ದುರುಗೇಶನ ಕಾಲು ಒತ್ತಿತು.

ಲಾರಿ ಏರು ಹತ್ತಿತು. ಈ ಸಲ ಸದ್ದು ಮೆತ್ತಗಿರಲಿಲ್ಲ. ಒಂದೇ ಒಂದು ಪೆಟ್ಟು, ಅದೂ ಮುರುಗೇಂದ್ರಪ್ಪನಿಗೆ. ಪಕ್ಕದಲ್ಲಿದ್ದವನಿಗೆ ಬಡಿಯಬೇಕಿದ್ದ ಜಾಗದಲ್ಲಿ ಬರೀ ಗಾಳಿ ಇತ್ತು.

ನಿಲ್ಲಿಸಬಾರದಿತ್ತು. ಆದರೆ ಆ ನಾಲಿಗೆ ನಿಜವಾಗಿ ನಿಂತಿದೆಯೋ ಇಲ್ಲವೋ ನೋಡದೆ ದುರುಗೇಶನಿಗೆ ಇನ್ನೊಂದು ರಾತ್ರಿ ಕಳೆಯುವ ಶಕ್ತಿ ಇರಲಿಲ್ಲ. ಸ್ವಲ್ಪ ಮೇಲೆ ಹೋಗಿ ನಿಲ್ಲಿಸಿದ. ಇಂಜಿನ್ ಆರಿಸಿದ, ಲೈಟು ಆರಿಸಿದ, ಹ್ಯಾಂಡ್‌ಬ್ರೇಕ್ ಎಳೆದು ಇಳಿದ. ಏರಿನಲ್ಲಿ ಲಾರಿ ನಿಲ್ಲಿಸಿದವನು ಗಾಲಿಗೆ ಒಂದು ಕಲ್ಲು ಕೊಡಬೇಕು. ಕ್ಲೀನರ್ ಆಗಿದ್ದಾಗ ಕಲಿತ ಮೊದಲ ಪಾಠ ಅದು. ಆದರೆ ನಿಲ್ಲದೆ ಓಡಿಹೋಗುವ ಕೆಲಸದಲ್ಲಿ ಕಲ್ಲಿನ ಅಭ್ಯಾಸ ಎಂದೋ ತಪ್ಪಿತ್ತು.

ಮುರುಗೇಂದ್ರಪ್ಪ ರಸ್ತೆಯ ನಡುವೆ ಬಿದ್ದಿದ್ದ. ಅಂಗಿಗೆ ಕೊನೆಗೂ ಕಲೆ ಬಿದ್ದಿತ್ತು. ಕತ್ತಲಲ್ಲಿ ಮುಖ ಕಾಣಲಿಲ್ಲ. ದುರುಗೇಶ ಕುಕ್ಕರುಗಾಲಿನಲ್ಲಿ ಕೂತು, ಜೇಬಿನಿಂದ ಊದಿನಕಡ್ಡಿಯ ಬೆಂಕಿಪೊಟ್ಟಣ ತೆಗೆದು ಕಡ್ಡಿ ಗೀರಿದ. ಕಣ್ಣು ತೆರೆದಿತ್ತು, ಬಾಯಿ ತೆರೆದಿತ್ತು, ನಾಲಿಗೆ ನಿಂತಿತ್ತು.

ಉರಿಯುವ ಕಡ್ಡಿಯ ಪಕ್ಕಕ್ಕೆ ಮೆಲ್ಲಗೆ ಇನ್ನೊಂದು ಮುಖ ಬಗ್ಗಿತು. ತುಟಿಯ ನಡುವೆ ಬೀಡಿ. ಒಮ್ಮೆ ಎಳೆಯಿತು, ತುದಿ ಕೆಂಪಾಯಿತು. ಸುಟ್ಟ ಉಣ್ಣೆಯ ವಾಸನೆ.

"ದೀಪ ಹಚ್ಚಿ ಆತಲ್ಲ ತಮ್ಮ," ಎಂದಿತು ಆ ದನಿ, ಬೇಸರವಿಲ್ಲದೆ, ಬೆಂಚಿನ ಮೇಲೆ ಪಕ್ಕದಲ್ಲಿ ಕೂತವನ ಜತೆ ಮಾತಾಡುವ ಹಾಗೆ. "ಆದ್ರೂ ಬೆಂಕಿ ಕೊಟ್ಟೆ. ಒಳ್ಳೇನು ಕಣಪ್ಪ ನೀನು. ನನ್ನಂಗೇ."

"ನಾನು ಕೊಡ್ಲಿಲ್ಲ! ನೀನೇ ಹಚ್ಕಂಡೆ!" ಎಂದು ದುರುಗೇಶ ಕೂಗಿದ.

"ಬೀಡಿ ಬಾಯಾಗಿತ್ತಲ್ಲಪ್ಪ," ಎಂದ ಬೊಮ್ಮಣ್ಣ.

ಕಡ್ಡಿ ಬೆರಳು ಸುಟ್ಟು ಆರಿತು. ಯಾರೇ ಆಗ್ಲಿ ಎಂದು ತಾನೇ ಹೇಳಿದ ಮಾತು ದುರುಗೇಶನಿಗೆ ಕಂಬಳಿಯ ಬಿಸುಪಿನೊಂದಿಗೆ ನೆನಪಾಯಿತು. ಏರಿನ ಮೇಲೆ ಏನೋ ಕಿರ್ ಎಂದಿತು. ಲೈಟಿಲ್ಲದೆ, ಇಂಜಿನ್ನಿಲ್ಲದೆ, ಅವನ ಮನೆ, ಅವನ ಹಾಸಿಗೆ, ಅವನ ದೇವರ ಕೋಣೆ, ಎಲ್ಲವೂ ಒಟ್ಟಿಗೆ ಹಿಂದಕ್ಕೆ ಉರುಳಿ ಬರುತ್ತಿದ್ದವು. ಓಡಬಹುದಿತ್ತು. ಆದರೆ ಗುರುತಾದ ಮೇಲೆ ತಪ್ಪಿಸಿಕೊಂಡವನನ್ನು ಅವನು ಇದುವರೆಗೆ ನೋಡಿರಲಿಲ್ಲ.

ಆಮೇಲೆ ನೋವೇನೂ ಆಗಲಿಲ್ಲ. ಅದೇ ಅವನಿಗೆ ಆಶ್ಚರ್ಯ. ರಸ್ತೆಯ ಅಂಚಿನಲ್ಲಿ ನಿಂತಿದ್ದ, ಮೈಯಲ್ಲಿ ಒಂದು ಗೀರೂ ಇರಲಿಲ್ಲ. ಪಾತಮ್ಮ ಲಾಟೀನು ಎತ್ತಿಕೊಂಡು ಓಡಿಬಂದಳು, ಜನ ಸೇರಿದರು, ಜೀಪು ಬಂತು. ಯಾರೂ ಅವನ ಕಡೆ ನೋಡಲಿಲ್ಲ. "ಗಾಲಿಗೆ ಕಲ್ಲು ಕೊಟ್ಟಿಲ್ಲ ಸಾರ್" ಎಂದ ಒಬ್ಬ. ಸಾಹೇಬರು ತಲೆಯಾಡಿಸಿ ಬರೆಸಿದರು. ಅಪಘಾತ. ಈ ಸಲವೂ ಎರಡಕ್ಷರಕ್ಕೆ ಮೋಸವಾಗಲಿಲ್ಲ.

ಚಳಿ ಮಾತ್ರ ವಿಪರೀತ. ಅಂಥ ಚಳಿ ಅವನು ಬದುಕಿದ್ದಾಗ ಕಂಡಿರಲಿಲ್ಲ. ಜೇಬಿನಲ್ಲಿ ತಾನು ಬಿಟ್ಟಿದ್ದ ಬೀಡಿ ಇತ್ತು, ಬೆಂಕಿಪೊಟ್ಟಣ ಖಾಲಿಯಾಗಿತ್ತು. ಪಾತಮ್ಮನ ಒಲೆಯ ಹತ್ತಿರ ಹೋಗಿ ಕೇಳಿದ. ಅವಳಿಗೆ ಕೇಳಿಸಲಿಲ್ಲ. ದಾರಿಯಲ್ಲಿ ಕಂಡ ಮನೆಮನೆಯಲ್ಲೂ ಕೇಳಿದ. ನಡೆದ, ಎಷ್ಟೋ ನಡೆದ. ದನ ಮೇಯುವ ಕಾವಲಿನ ಒಣ ಹುಲ್ಲು ಅವನ ಕಾಲಿಗೆ ಬಾಗಲಿಲ್ಲ. ಮತ್ತೊಂದು ಮುಸ್ಸಂಜೆಗೆ ದೊಡ್ಡಉಳ್ಳಾರ್ತಿಯ ಕೊನೆಯ ಮನೆಯ ಮುಂದೆ ಬಂದು ನಿಂತ.

ಜಗಲಿ ಖಾಲಿ ಇತ್ತು. ಅಲ್ಲಿ ಕೂರುತ್ತಿದ್ದವನು ಬಂದಿರಲಿಲ್ಲ, ಇನ್ನು ಬರುವವನೂ ಅಲ್ಲ. ಜಗಲಿಯ ತುದಿಯಲ್ಲಿ ಕರಿ ಕಂಬಳಿ ನೀಟಾಗಿ ಮಡಚಿ ಇಟ್ಟಿತ್ತು. ಒಳಗೆ ಸೂರಮ್ಮ ಆಗತಾನೆ ದೀಪ ಹಚ್ಚಿ ಕೈಮುಗಿಯುತ್ತಿದ್ದಳು.

"ಅಮ್ಮಾ," ಎಂದ ದುರುಗೇಶ. "ಚಳಿ ಆಗ್ತೈತೆ. ಸ್ವಲ್ಪ ಬೆಂಕಿ ಕೊಡಮ್ಮ."

ಅವಳೊಬ್ಬಳಿಗೆ ಕೇಳಿಸಿತು. ಬಾಗಿಲಿಗೆ ಬಂದಳು, ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಸಿಟ್ಟಿರಲಿಲ್ಲ. ಜಗಲಿಯ ಕಂಬಳಿ ಎತ್ತಿಕೊಂಡು ಕಂಕುಳಿಗಿಟ್ಟಳು.

"ದೀಪ ಹಚ್ಚಿ ಆತು," ಎಂದಳು ಸೂರಮ್ಮ. "ಮುಂದ್ಕೆ ಹೋಗಪ್ಪ."

ಬಾಗಿಲು ಹಾಕಿಕೊಂಡಿತು. ಮುಂದೆ ಮನೆ ಇರಲಿಲ್ಲ. ಕಾವಲು ಇತ್ತು, ಕತ್ತಲೆ ಇತ್ತು. ದುರುಗೇಶ ಹಚ್ಚದ ಬೀಡಿಯನ್ನು ತುಟಿಯಲ್ಲೇ ಇಟ್ಟುಕೊಂಡು ಜಗಲಿಯ ಮೇಲೆ ಕೂತ.